ಅಕ್ಟೋಬರ್‌ಗೆ ಜರ್ಮನಿಗೆ ಹೊರಟಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಚಳಿಗಾಲದ ಸೆಮಿಸ್ಟರ್‌ಗೆ ಹೊರಟವರು ದಿನಕ್ಕೆ ಹತ್ತು ಸಲ ಕೇಳುತ್ತಿರುವುದಕ್ಕೆಲ್ಲ ಒಟ್ಟಿಗೇ ಬರೆಯುತ್ತಿದ್ದೇನೆ. ಪೂರ್ತಿ ಓದಿ, ಆಮೇಲೆ ಕೇಳಿ.

ವೀಸಾಕ್ಕೆ ಒಂದು ವರ್ಷದ ಖರ್ಚು ತೋರಿಸಲು ತೆರೆಯುವ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಟ್ಟಿದ್ದೀರಿ, ಸರಿ. ಇಳಿದ ದಿನವೇ ಅದು ಕೈಗೆ ಬರುವುದಿಲ್ಲ. ಅಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆ ತಿಂಗಳಿಗೆ 992 ಯೂರೋದಂತೆ ಬಿಡುತ್ತಾರೆ. ಖಾತೆಗೆ ಎಷ್ಟೋ ಕಡೆ ವಿಳಾಸ ನೋಂದಣಿ ಪತ್ರ ಕೇಳುತ್ತಾರೆ. ನೋಂದಣಿಗೆ ಮನೆ ಮಾಲೀಕರ ಸಹಿ ಬೇಕು. ಅಂದರೆ ಮೊದಲು ಮನೆ ಸಿಗಬೇಕು. ಈ ಗಾಣದಲ್ಲಿ ನಾನು ಐದು ವಾರ ಸುತ್ತಿದ್ದೇನೆ, ಸೀನಿಯರ್ ಒಬ್ಬರ ಅಡುಗೆಮನೆಯಲ್ಲಿ ಮಲಗಿಕೊಂಡು. ಆದ್ದರಿಂದ ಎರಡು ತಿಂಗಳ ಖರ್ಚಿಗೆ ಬೇರೆ ದುಡ್ಡು ಇಟ್ಟುಕೊಂಡೇ ವಿಮಾನ ಹತ್ತಿ. ಅಲ್ಲಿ ಬಾಡಿಗೆ ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಅಲ್ಲಿನ ನಗರ ಕಚೇರಿಯಲ್ಲಿ ಸಮಯ ಈಗಲೇ ಕಾಯ್ದಿರಿಸಿ.

ತುಪ್ಪ, ಧಾರವಾಡ ಪೇಡ ಬೇಡ. ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಅಮ್ಮನಿಗೆ ಬೇಜಾರಾಗುತ್ತೆ, ಗೊತ್ತು. ಚಟ್ನಿಪುಡಿ, ಸಾರಿನ ಪುಡಿ ಧಾರಾಳವಾಗಿ ಹಾಕಿಸಿಕೊಳ್ಳಿ. ಭಾನುವಾರ ಅಂಗಡಿ ಮುಚ್ಚಿರುತ್ತವೆ. ಶನಿವಾರ ಸಂಜೆ ಇಳಿಯುವವರು ಇದನ್ನು ಎರಡು ಸಲ ಓದಿ.

ಇನ್ನೊಂದು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಊರಿಗೂ ಅಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ನವೆಂಬರ್‌ನಲ್ಲಿ ಕ್ಲಾಸ್ ಮುಗಿಸಿ ಹೊರಬಂದರೆ ಕತ್ತಲು, ಮನೆಗೆ ಫೋನ್ ಮಾಡಿದರೆ ಅವರು ಮಲಗಿರುತ್ತಾರೆ. ಆ ದಿನಗಳಲ್ಲಿ ಗುಂಪಿಗೆ ಸುಮ್ಮನೆ "ಊಟ ಆಯ್ತಾ" ಅಂತ ಹಾಕಿದರೂ ಸಾಕು, ಯಾರಾದರೂ ಎದ್ದಿರುತ್ತೇವೆ.

ಹೊರಡುವ ದಿನಾಂಕ, ಸೇರುವ ಊರು ಎರಡನ್ನೂ ಈ ಭಾನುವಾರದೊಳಗೆ ಇಲ್ಲೇ ಬರೆಯಿರಿ. ಪಾಸ್‌ಪೋರ್ಟ್, ವೀಸಾ ಫೋಟೋ ಮಾತ್ರ ಗುಂಪಿಗೆ ಹಾಕಬೇಡಿ.