ಫೋನಿನಲ್ಲಿ ನಾನು ಸುಮ್ಮನಾದಾಗ

ಪ್ರೀತಿಯ ಪುಟ್ಟಿ,

ಈ ಕಾಗದ ಬರೆಯಲು 9 ದಿನ ಹಿಡಿಯಿತು. ದಿನಕ್ಕೆ ನಾಲ್ಕೈದು ಸಾಲು, ಆಮೇಲೆ ತಲೆ ಭಾರ. ಒತ್ತು ಬಿಟ್ಟುಹೋದ ಕಡೆಯೆಲ್ಲ ಅಪ್ಪ ತಿದ್ದಿದ್ದಾರೆ. ಮಾತು ಮಾತ್ರ ನನ್ನದೇ.

ಪ್ರತಿ ಭಾನುವಾರ ನೀನು ಕೇಳುತ್ತೀಯ, "ಅಮ್ಮಾ, ಈಗ ಮೊದಲಿನ ಹಾಗೆ ಆಗಿದೀಯ ಅಲ್ವಾ?" ನಾನು ಹೂಂ ಅಂದುಬಿಡುತ್ತೇನೆ. ಅದು ಪೂರ್ತಿ ನಿಜ ಅಲ್ಲ ಕಂದಾ.

ಸ್ಕೂಟರಿಂದ ಬಿದ್ದದ್ದು ನನಗೆ ನೆನಪೇ ಇಲ್ಲ. ನಮ್ಮಲ್ಲಿ 2016ರಿಂದಲೇ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ನನ್ನದು ಮನೆಯಲ್ಲಿ ಮೊಳೆಗೆ ನೇತಾಡುತ್ತಿತ್ತು. ನೀನು ಹಾಕ್ಕೋ, ಪಕ್ಕದ ಬೀದಿಗೆ ಹೋಗುವುದಾದರೂ.

ಮಿದುಳು ಊದಿದ್ದಕ್ಕೆ ಜಾಗ ಬೇಕು ಅಂತ ತಲೆಬುರುಡೆಯ ಎಡಗಡೆಯಿಂದ ಅಂಗೈಯಷ್ಟು ಮೂಳೆ ತೆಗೆದರು. ಅದು ಹಾಳಾಗದಿರಲಿ ಅಂತ ನನ್ನ ಹೊಟ್ಟೆಯ ಚರ್ಮದ ಕೆಳಗೇ ಇಟ್ಟು ಹೊಲಿದರು. ಮೂರು ತಿಂಗಳು ಅಲ್ಲಿತ್ತು. ರಾತ್ರಿ ಮಗ್ಗುಲಾದಾಗ ಗಟ್ಟಿಯಾಗಿ ಕೈಗೆ ತಾಗುತ್ತಿತ್ತು. ನೀನು ಒದೆಯುತ್ತಿದ್ದದ್ದೂ ಅಲ್ಲೇ. ಇದೂ ಒಂದು ದಿನ ಹೊರಗೆ ಬರುತ್ತೆ ಅಂದುಕೊಂಡು, ಅದರ ಮೇಲೆ ಕೈಯಿಟ್ಟು ಮಲಗುತ್ತಿದ್ದೆ.

ಮಾತು ಹೋಗಿದ್ದೇ ಜಾಸ್ತಿ ಕಷ್ಟ. ಬೇಕಾದದ್ದು ನೀರು, ಬಾಯಿಗೆ ಬಂದದ್ದು ಕತ್ತರಿ. ನೀನು ಎದುರಿಗೆ ನಿಂತಿದ್ದೆ. ಯಾರು ಅಂತ ಚೆನ್ನಾಗಿ ಗೊತ್ತು, ಹೆಸರು ಬರಲಿಲ್ಲ. ನೀನು ಹೊರಗೆ ಹೋಗಿ ಅತ್ತದ್ದೂ ನನಗೆ ಗೊತ್ತಾಯಿತು.

ಸ್ಪೀಚ್ ಥೆರಪಿ ಮಾಡಿಸಿದ ಮೇಡಂ ಒಂದು ವಿಷಯ ಹೇಳಿದರು. 1861ರಲ್ಲಿ ಪ್ಯಾರಿಸ್‌ನಲ್ಲಿ ಬ್ರೋಕಾ ಅನ್ನುವ ಡಾಕ್ಟರ ಹತ್ತಿರ ಒಬ್ಬ ರೋಗಿ ಬಂದಿದ್ದನಂತೆ. ಏನು ಕೇಳಿದರೂ 'ತಾನ್ ತಾನ್' ಅನ್ನುತ್ತಿದ್ದ. ಬೇರೆಯವರು ಹೇಳಿದ್ದು ಮಾತ್ರ ಅವನಿಗೆ ಅರ್ಥವಾಗುತ್ತಿತ್ತು. ಸತ್ತ ಮೇಲೆ ನೋಡಿದರೆ ಮಿದುಳಿನ ಎಡಗಡೆ, ಮುಂಭಾಗ ಹಾಳಾಗಿತ್ತಂತೆ. ನನಗೆ ಪೆಟ್ಟಾದದ್ದೂ ಅಲ್ಲೇ. ಕೇಳಿ ಸಮಾಧಾನಕ್ಕೇ ಅಳು ಬಂತು. ನನ್ನ ಬುದ್ಧಿ ಕೆಟ್ಟಿಲ್ಲ, ಮಾತಿನ ದಾರಿ ಕಟ್ಟಿಕೊಂಡಿದೆ ಅಷ್ಟೇ.

ಇನ್ನೊಂದು ದಿನ ಅವರು ಸುಮ್ನೆ "ಸೋಮವಾರ" ಅಂದರು. ನನ್ನ ಬಾಯಿಂದ ಮಂಗಳವಾರ, ಬುಧವಾರ ಅಂತ ಭಾನುವಾರದವರೆಗೂ ಓಡಿತು! ಮಾತು ನಿಂತ ಎಷ್ಟೋ ಜನರಿಗೆ ಬಾಯಿಪಾಠ, ಹಾಡು ಉಳಿದಿರುತ್ತವಂತೆ. ಆ ರಾತ್ರಿ ಮನೆಯಲ್ಲಿ, ನಿನ್ನನ್ನು ಮಲಗಿಸುವಾಗ ಹೇಳುತ್ತಿದ್ದ ಜೋ ಜೋ ಶುರು ಮಾಡಿದೆ. ಕೊನೆಗೆ ನಿನ್ನ ಹೆಸರು ಸೇರಿಸುತ್ತಿದ್ದೆನಲ್ಲ, ಅಲ್ಲಿಗೆ ಬಂದಾಗ ಹೆಸರು ತಾನಾಗೇ ಬಂದುಬಿಟ್ಟಿತು. ಅಪ್ಪ ಅಡುಗೆಮನೆಯಿಂದ ಓಡಿ ಬಂದರು. ಹತ್ತು ಸಲ ಹೇಳಿಸಿದರು.

ಮೊದಲು ದಿನಕ್ಕೆ ನಾಲ್ಕು ಬ್ಲೌಸ್ ಹೊಲಿಯುತ್ತಿದ್ದೆ. ಈಗ ಒಂದಕ್ಕೆ ಹುಕ್ಕು ಹಾಕುತ್ತೇನೆ. ಬಲಗೈ ಬಟ್ಟೆ ಒತ್ತಿ ಹಿಡಿಯುತ್ತದೆ, ಸೂಜಿಯನ್ನು ಎಡಗೈಗೆ ಕೊಟ್ಟಿದ್ದೇನೆ.

ಗುರುವಾರ ಹಿಂದಿನ ಬೀದಿಯ ಅಜ್ಜರ ಮನೆಗೆ ಹೋಗುತ್ತೇನೆ. ಲಕ್ವ ಹೊಡೆದು ಅವರಿಗೆ ಮಾತು ನಿಂತಿದೆ. ಮನೆಯವರು ಕಿವಿ ಕೇಳದವರಿಗೆ ಹೇಳುವ ಹಾಗೆ ಕೂಗುತ್ತಾರೆ. ಪಾಪ, ಅವರಿಗೂ ಗೊತ್ತಿಲ್ಲ. ನಾನು ಪಕ್ಕದಲ್ಲಿ ಕೂತು "ಸೋಮವಾರ" ಅನ್ನುತ್ತೇನೆ. ಕಾಯುತ್ತೇನೆ. ಹೋದ ವಾರ ಶುಕ್ರವಾರದವರೆಗೆ ಬಂದರು. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕೈ ಹಿಡಿದುಕೊಂಡರು. ಹೀಗೆ ಕಾಯುವುದು ಮೊದಲಿನ ಅಮ್ಮನಿಗೆ ಬರುತ್ತಿರಲಿಲ್ಲ ಪುಟ್ಟಿ. ಜಡೆ ಹಾಕುವಾಗ ನೀನು ಸ್ವಲ್ಪ ತಲೆ ಅಲ್ಲಾಡಿಸಿದರೂ ರೇಗುತ್ತಿದ್ದೆ, ನೆನಪಿದೆಯಾ?

ಅದಕ್ಕೇ, ಮೊದಲಿನ ಹಾಗೆ ಆದೆಯಾ ಅಂತ ಇನ್ನು ಕೇಳಬೇಡ. ಇವತ್ತು ಏನು ಮಾಡಿದೆ ಅಂತ ಕೇಳು. ಹೇಳುವುದು ತುಂಬಾ ಇದೆ.

ಇನ್ನೊಂದು. ಫೋನಿನಲ್ಲಿ ಒಂದೊಂದು ಸಲ ನಾನು ಸುಮ್ಮನಾಗುತ್ತೇನೆ. ನೀನು ಗಾಬರಿಯಾಗಿ "ಅಪ್ಪನಿಗೆ ಕೊಡು" ಅನ್ನುತ್ತೀಯ. ಹಾಗೆ ಅನ್ನಬೇಡ, ಸ್ವಲ್ಪ ತಡಿ. ನಿನ್ನ ಹೆಸರು ಸಿಗಲಿಲ್ಲ ಅಂತ ಮನಸ್ಸಲ್ಲೇ ಜೋ ಜೋ ಹೇಳಿಕೊಳ್ಳುತ್ತಿರುತ್ತೇನೆ. ಇನ್ನೇನು ಬಂದೇಬಿಡುತ್ತೆ.

ನಿನ್ನ
ಅಮ್ಮ