ಚಾಚಾಗೆ, ಆಮೇಲೆ ಉಳಿದವರಿಗೆ

ನನ್ನ ಕಿವಿಯ ಮಷೀನ್, ಅಂದರೆ ಆಪರೇಷನ್ ಮಾಡಿ ಹಾಕಿದ ಕಾಕ್ಲಿಯರ್ ಇಂಪ್ಲಾಂಟ್, ಚಾಲೂ ಮಾಡಿ ಈ ಭಾನುವಾರಕ್ಕೆ ಒಂದು ವರ್ಷ. ಆಪರೇಷನ್ ಹೇಗಾಯಿತು, ಎಷ್ಟು ಹೊಲಿಗೆ ಬಿತ್ತು ಅನ್ನೋದೆಲ್ಲ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ನೋಡಲು ಬಂದ ಪ್ರತಿಯೊಬ್ಬರಿಗೂ ಹೇಳಿ ಹೇಳಿ ನನ್ನ ಹೆಂಡತಿ ಸುಸ್ತಾಗಿದ್ದಾಳೆ. ಅದನ್ನು ಮತ್ತೆ ಬರೆಯುವುದಿಲ್ಲ. ಥ್ಯಾಂಕ್ಸ್ ಹೇಳುವುದೊಂದು ಬಾಕಿ ಇದೆ.

ಬಸ್ ಡಿಪೋದಲ್ಲಿ ವಂತಿಗೆ ಹಾಕಿದ ಗೆಳೆಯರು, ಸೊಸೈಟಿ ಸಾಲಕ್ಕೆ ಜಾಮೀನು ನಿಂತ ಇಬ್ಬರು ಮೆಕ್ಯಾನಿಕ್‌ಗಳು, ಎರಡೆಕರೆ ಹೊಲ ಒತ್ತೆ ಇಡ್ತೀನಿ ಅಂತ ಹಟ ಹಿಡಿದ ಅಕ್ಕ (ನಾನು ಇಡಗೊಡಲಿಲ್ಲ), ಮೈಸೂರಿನಲ್ಲಿ ಹದಿನೈದು ದಿನ ರೂಮು ಬಿಟ್ಟುಕೊಟ್ಟ ಅಳಿಯ, ಎಲ್ಲರಿಗೂ ಕೈ ಮುಗಿಯುತ್ತೇನೆ. ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾಳೆ. ಅದಕ್ಕೆ ಬಿಟ್ಟಿದ್ದೇನೆ.

ಈಗ ಚಾಚಾ. ಹೆಸರು ಹಾಕಬೇಡ ಅಂದಿದ್ದಾರೆ. ಹಾಕದಿದ್ದರೂ ನಮ್ಮ ಡಿಪೋದವರಿಗೆ ಗೊತ್ತಾಗುತ್ತೆ, ಅಲ್ವಾ? ಹನ್ನೊಂದು ವರ್ಷ ನಾವಿಬ್ಬರೂ ಒಂದೇ ಗಾಡಿ. ಸ್ಟೇರಿಂಗ್ ಅವರದು, ಟಿಕೆಟ್ ನಂದು.

ನನ್ನ ಕಿವಿ ಮಂದ ಆಗ್ತಿದೆ ಅಂತ ಮೊದಲು ಕಂಡುಹಿಡಿದವರು ಅವರೇ. ಕುಷ್ಟಗಿ ಅಂದವರಿಗೆ ನಾನು ಕುಕನೂರಿನ ಟಿಕೆಟ್ ಕೊಡುತ್ತಿದ್ದೆ. ನಮ್ಮ ಜಿಲ್ಲೆಯ ಹೆಸರುಗಳನ್ನೇ ನೋಡಿ: ಕೊಪ್ಪಳ, ಕುಕನೂರು, ಕುಷ್ಟಗಿ, ಕನಕಗಿರಿ, ಕಾರಟಗಿ. ಕಿವುಡ ಕಂಡಕ್ಟರ್ ಮೇಲೆ ಸೇಡು ತೀರಿಸಿಕೊಳ್ಳಲೆಂದೇ ಯಾರೋ ಇಟ್ಟ ಹಾಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹೆಣ್ಣುಮಕ್ಕಳು ದುಡ್ಡು ಕೊಡಬೇಕಿಲ್ಲ, ಆದರೆ ಜೀರೋ ಟಿಕೆಟ್ ಕೊಡಲೇಬೇಕು. ಅದಕ್ಕೂ ಊರು ಕೇಳಬೇಕು. ನಾನು ತುಟಿ ನೋಡಿ ಟಿಕೆಟ್ ಕೊಡುತ್ತಿದ್ದೆ. ಸೆರಗು ಬಾಯಿಗೆ ಅಡ್ಡ ಹಿಡಿದ ಅಜ್ಜಿ ಸಿಕ್ಕರೆ ನನ್ನ ಕಥೆ ಮುಗೀತು. ಆಗ ಚಾಚಾ ಹಿಂದೆ ತಿರುಗಿ, "ಊರ ಹೆಸರು ಗಟ್ಟಿ ಹೇಳ್ರೆವ್ವಾ, ಕಂಡಕ್ಟರ್ ಸಾಹೇಬ್ರಿಗೆ ನೆಗಡಿ ಆಗೇತಿ" ಅನ್ನುತ್ತಿದ್ದರು. ಒಟ್ಟು ಎರಡು ವರ್ಷ ನನಗೆ ನೆಗಡಿ ಇತ್ತು.

ಇಂಪ್ಲಾಂಟ್‌ಗಿಂತ ಮೊದಲು ಒಂದು ಅಂಗಡಿಯವರು ಎಂಬತ್ತು ಸಾವಿರಕ್ಕೆ ಹಿಯರಿಂಗ್ ಏಡ್ ಮಷೀನ್ ಕೊಟ್ಟರು. ಕೇಳಿಸುತ್ತಿಲ್ಲ ಅಂತ ಹೋದಾಗೆಲ್ಲ ಸಪ್ಪಳ ಇನ್ನಷ್ಟು ಏರಿಸಿ ಕಳಿಸಿದರು. ಡೀಸೆಲ್ ಇಂಜಿನ್ ತಲೆಯೊಳಗೇ ಓಡಿದ ಹಾಗಾಗುತ್ತಿತ್ತು, ಮಾತು ಮಾತ್ರ ಮೊದಲಿನಂತೆ ಕಲಸುಮೇಲೋಗರ. ಕಿವಿಗೆ ಸಿಕ್ಕಿಸುವ ಅದರ ಮೋಲ್ಡ್ ಬೇರೆ ಸಡಿಲ. ಒಮ್ಮೆ ಅದು ಕೀಂಯ್ ಅಂತ ಕೂಗಿದ್ದನ್ನು ನನ್ನ ಸೀಟಿ ಅಂದುಕೊಂಡು ಚಾಚಾ ನಡುಹೊಲದಲ್ಲಿ ಗಾಡಿ ನಿಲ್ಲಿಸಿಬಿಟ್ಟರು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ.

ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಹೋಯಿತಲ್ಲ, 2024ರ ಆಗಸ್ಟ್‌ನಲ್ಲಿ, ಅದೇ ವಾರ. ಬಸ್ಸಿನ ತುಂಬ ಗೇಟಿನದೇ ಮಾತು. ನಾನು ಎಲ್ಲ ಕೇಳಿದವನ ಹಾಗೆ ತಲೆ ಆಡಿಸುತ್ತಿದ್ದೆ. ಅವತ್ತು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಗೆ ನಮ್ಮ ವಸ್ತಿ ಬಸ್ಸು. ಊಟ ಮಾಡಿ ಗಾಡಿಯಲ್ಲೇ ಮಲಗಿದೆವು. ನಡುರಾತ್ರಿ ತಲೆ ಗಿರ್ರನೆ ತಿರುಗಿ ಎಚ್ಚರ ಆಯಿತು. ವಾಂತಿ ಬಂತು. ಮಷೀನ್ ಹಾಕಿಕೊಂಡೆ, ಸಪ್ಪಳ ಇಲ್ಲ. ಹೊಸ ಸೆಲ್ಲಿನ ಸ್ಟಿಕ್ಕರ್ ಕಿತ್ತು ಹಾಕಿದೆ. ಇಲ್ಲ. ಇನ್ನೊಂದು. ಇಲ್ಲ. ಆರು ಸೆಲ್ಲಿನ ಪ್ಯಾಕೆಟ್ಟು ಪೂರ್ತಿ ಖಾಲಿ ಮಾಡಿದ ಮೇಲೆ ಗೊತ್ತಾಯಿತು, ಹೋಗಿದ್ದು ಸೆಲ್ಲಲ್ಲ.

ಕೂಗಿದೆನಂತೆ. ಎಷ್ಟು ಜೋರಾಗಿ ಅಂತ ನನಗೇನು ಗೊತ್ತು? ಊರ ನಾಯಿಗಳೆಲ್ಲ ಎದ್ದು ಬೊಗಳಿದವು ಅಂತ ಚಾಚಾ ಎಷ್ಟೋ ದಿನದ ಮೇಲೆ ಹೇಳಿದರು. ಅವರು ಒಳಗಿನ ಲೈಟ್ ಹಾಕಿದರು. ತಮ್ಮ ಟವೆಲ್‌ನಿಂದಲೇ ನನ್ನ ಬಾಯಿ ಒರೆಸಿದರು. ಏನೋ ಹೇಳಿದರು, ನಾನು ತಲೆ ಅಲ್ಲಾಡಿಸಿದೆ. ಆಮೇಲೆ ಟ್ರಿಪ್ ಶೀಟಿನ ಹಿಂದೆ ಬರೆದರು. ಅವರು ಕಲಿತದ್ದು ಏಳನೇ ಇಯತ್ತೆ, ಬರೆದು ಬಹಳ ವರ್ಷ ಆಗಿತ್ತು. ಒಂದೊಂದು ಅಕ್ಷರಕ್ಕೂ ಪೆನ್ನು ಒತ್ತಿ ಒತ್ತಿ ಬರೆದರು: "ಬೆಳಗ ತನ ಕುಂದ್ರೂಣು. ನಾ ಅದೀನಿ."

ಕೂತೆವು. ಆ ರಾತ್ರಿ ಊರ ಹೊರಗಿನ ಬಾವಿ ನನಗೆ ನೆನಪಾಯಿತು. ಮುಚ್ಚಿಡುವುದಿಲ್ಲ. ನಾನೇನೂ ಬಾಯಿ ಬಿಟ್ಟಿರಲಿಲ್ಲ, ಅವರಿಗೆ ಹೇಗೆ ತಿಳಿಯಿತೋ. ಒಂದಕ್ಕೆ ಅಂತ ಕೆಳಗಿಳಿದರೂ ಟಾರ್ಚ್ ಹಿಡಿದು ಬೆನ್ನ ಹಿಂದೆಯೇ ಬಂದರು. ನಾಚಿಕೆಯಾಗಿ, ಹೋಗಿ ಚಾಚಾ ಅಂದೆ. ಹೋಗಲಿಲ್ಲ. ಟಾರ್ಚನ್ನು ಮಾತ್ರ ಆ ಕಡೆ ತಿರುಗಿಸಿದರು.

ಆ ಟ್ರಿಪ್ ಶೀಟು ಮರುದಿನ ಡಿಪೋದಲ್ಲಿ ಜಮಾ ಆಯಿತು. ಹಿಂದೆ ಬರೆದದ್ದನ್ನು ಯಾರಾದರೂ ಓದಿದರೋ ಇಲ್ಲವೋ.

ಬೆಳಗಿನ ಐದೂವರೆ ಟ್ರಿಪ್ಪಿನಲ್ಲಿ ಕಾಲೇಜಿಗೆ ಹೊರಟ ಒಬ್ಬ ಹುಡುಗಿ ನನ್ನ ಪಕ್ಕವೇ ನಿಂತು, ಪ್ರತಿಯೊಬ್ಬರ ಊರನ್ನೂ ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತ ಬಂದಳು. ಅವಳು ಯಾರ ಮಗಳೋ ಗೊತ್ತಿಲ್ಲ. ಆ ಕಡೆಯವರು ಯಾರಾದರೂ ಇದನ್ನು ಓದಿದರೆ ಅವಳಿಗೆ ಹೇಳಿ.

ಅವತ್ತೇ ಡಾಕ್ಟರ ಹತ್ತಿರ ಹೋದೆ, ಔಷಧಿಯೂ ಆಯಿತು, ಹೋದದ್ದು ಬರಲಿಲ್ಲ. ಮುಂದೆ ಚಾಚಾ ರಜೆ ಹಾಕಿ ನನ್ನನ್ನು ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿದರು, ತಾವೂ ಹತ್ತಿದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ. ಅಲ್ಲಿ ಒಬ್ಬ ಮೇಡಂ ಚಿತ್ರ ಬರೆದು ತೋರಿಸಿದರು. ಅ, ಆ, ಉ ಇವೆಲ್ಲ ದಪ್ಪ ದನಿ, ಕಡೆ ತನಕ ಉಳಿಯುತ್ತವೆ. ಸ, ಷ, ಟ, ಕ ತೆಳ್ಳಗಿನವು, ಮೊದಲು ಹೋಗುವುದು ಇವೇ. ಕುಷ್ಟಗಿಯಲ್ಲಿ ನನಗೆ ಸಿಗುತ್ತಿದ್ದದ್ದು ಬರೀ 'ಉ'! ಒಳಗಿವಿಯಲ್ಲಿ ಕೂದಲಿನಂಥ ಸಣ್ಣ ಕೋಶಗಳಿರುತ್ತವಂತೆ. ಅವು ಸತ್ತ ಮೇಲೆ ಹೊರಗಿನಿಂದ ಎಷ್ಟು ಜೋರು ಮಾಡಿದರೂ ಮಾತು ಬಿಡಿಬಿಡಿಯಾಗಿ ಕೇಳಿಸುವುದಿಲ್ಲ. ಇಂಪ್ಲಾಂಟ್ ಆ ಕೋಶಗಳನ್ನು ದಾಟಿ ನೇರ ನರಕ್ಕೇ ಕರೆಂಟ್ ಕೊಡುತ್ತದೆ. ಈ ಮಾತನ್ನು ಅಂಗಡಿಯವರು ಮೊದಲೇ ಹೇಳಿದ್ದರೆ ನನ್ನ ಎಂಬತ್ತು ಸಾವಿರ ಉಳಿಯುತ್ತಿತ್ತು. ಇರಲಿ. ಇಂಪ್ಲಾಂಟ್ ಹಾಕಿಸುವ ಸರ್ಕಾರದ ಶ್ರವಣ ಸಂಜೀವಿನಿ ಯೋಜನೆ ಚಿಕ್ಕ ಮಕ್ಕಳಿಗೆ. ನಲವತ್ತೇಳರ ನನಗೆ ಸೊಸೈಟಿ ಸಾಲವೇ ಸಂಜೀವಿನಿ.

ಸ್ವಿಚ್ ಆನ್ ಮಾಡಿದ ದಿನ ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ವಿಡಿಯೋದಲ್ಲಿ ಅಳುತ್ತಾರಲ್ಲ ಹಾಗೆ ಅಳುತ್ತೇನೆ ಅಂತ. ನನಗೆ ಕೇಳಿಸಿದ್ದು ಟಿಕೆಟ್ ಮಷೀನಿನ ಟಿಕ್ ಟಿಕ್. ಹೆಂಡತಿ ಮಾತಾಡಿದರೆ ತಗಡಿನ ಡಬ್ಬಿಯಲ್ಲಿ ಇಲಿ ಓಡಾಡಿದ ಹಾಗೆ. ಏಳು ಲಕ್ಷ ಸುರಿದು ಇಲಿ ಸಾಕಿಕೊಂಡೆನಲ್ಲ ಅಂತ ಅವತ್ತು ರಾತ್ರಿ ಗೋಡೆ ಕಡೆ ಮುಖ ಮಾಡಿ ಅತ್ತೆ. ಮಿದುಳು ಕಲಿಯಬೇಕು, ತಿಂಗಳುಗಟ್ಟಲೆ ಬೇಕು ಅಂತ ಮೇಡಂ ಮೊದಲೇ ಹೇಳಿದ್ದರು. ಹೇಳಿದ್ದು ಆ ಹೊತ್ತಿಗೆ ನೆನಪಿರಬೇಕಲ್ಲ.

ಕೊಪ್ಪಳಕ್ಕೆ ಬಂದ ಮೇಲೆ ಚಾಚಾ ಡ್ಯೂಟಿ ಇಳಿದು ನೇರ ನಮ್ಮ ಮನೆಗೆ ಬರತೊಡಗಿದರು. ಕಟ್ಟೆಯ ಮೇಲೆ ಕೂತು ಟವೆಲ್ ಬಾಯಿಗೆ ಅಡ್ಡ ಹಿಡಿದು ಊರ ಹೆಸರು ಹೇಳುವುದು. ಗಿಣಿಗೇರಾ. ತಾವರಗೇರಾ. ಹನಮಸಾಗರ. ನಾನು ತಿರುಗಿ ಹೇಳಬೇಕು. ತಪ್ಪಿದರೆ, "ಇಳೀರಿ, ಇದು ನಿಮ್ಮ ಬಸ್ಸಲ್ಲ!" ಮೊದಲ ತಿಂಗಳು ದಿನವೂ ಇಳಿಸಿದರು. ಮೂರನೇ ತಿಂಗಳು ಒಂದು ಸಂಜೆ ಟವೆಲ್ ಹಿಂದಿನಿಂದ 'ಷ್ಟ' ಬಂತು. ಉಜ್ಜಿದ ಹಾಗೆ, ಕಡ್ಡಿ ಗೀರಿದ ಹಾಗೆ. ಕುಷ್ಟಗಿ ಅಂದೆ. ಚಾಚಾ ಟವೆಲ್ ಇಳಿಸಲಿಲ್ಲ. ಕಣ್ಣಿಗೆ ಒತ್ತಿಕೊಂಡರು. "ಧೂಳ ಭಾಳ ಐತಿ ನಿಮ್ಮ ಓಣ್ಯಾಗ" ಅಂದರು.

ಎಲ್ಲ ಸರಿ ಹೋಗಿದೆ ಅಂತಲ್ಲ. ಫೋನ್ ಇನ್ನೂ ಕಷ್ಟ, ದಯವಿಟ್ಟು ವಾಟ್ಸಾಪ್‌ನಲ್ಲಿ ಬರೆಯಿರಿ. ಈ ಸಲದ ಗವಿಮಠದ ಜಾತ್ರೆಯಲ್ಲಿ ತೇರಿನ ಹತ್ತಿರ ಗದ್ದಲ ತಡೆಯಲಾಗದೆ ಮಷೀನಿನ ಹೊರಭಾಗ ತೆಗೆದು ಜೇಬಿಗೆ ಹಾಕಿಕೊಂಡೆ. ಈಗ ನಾನು ಬಸ್ ಪಾಸ್ ಕೌಂಟರಿನಲ್ಲಿ ಕೂರುತ್ತೇನೆ. ಸರ್ಕಾರದ, ಸರ್ಕಾರಿ ನಿಗಮದ ನೌಕರಿಯಲ್ಲಿರುವಾಗ ಅಂಗವಿಕಲತೆ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ಅದೇ ಸಂಬಳದ ಬೇರೆ ಕೆಲಸ ಕೊಡಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಹೇಳುತ್ತದೆ. ನನ್ನ ಹಾಗೆ ನೆಗಡಿಯ ನೆಪ ಹೇಳಿ ಬಚ್ಚಿಟ್ಟುಕೊಂಡಿರುವ ಯಾರಾದರೂ ಇದ್ದರೆ ಇದು ಗೊತ್ತಿರಲಿ.

ಈ ತಿಂಗಳ ಕೊನೆಗೆ ಚಾಚಾ ರಿಟೈರ್. ಅವರ ಕೊನೆಯ ವಸ್ತಿ ಟ್ರಿಪ್ಪಿಗೆ ನಾನೂ ಹೊರಟಿದ್ದೇನೆ, ಪಾಸ್ ತೋರಿಸದೆ, ದುಡ್ಡು ಕೊಟ್ಟು. ಹೊಸ ಕಂಡಕ್ಟರ್ ಎಲ್ಲಿಗೆ ಅಂತ ಕೇಳುತ್ತಾನೆ. ಅವನು ನನ್ನ ಎಡಗಡೆಯಿಂದ ಕೇಳದಿದ್ದರೆ ಸಾಕು, ಆ ಕಿವಿಗೆ ಮಷೀನ್ ಇಲ್ಲ.