ಕಪ್ಪೆಯ ಕತೆ ಇರಲಿ, ದಾಸೋಜನ ಹೆಸರು ಎಲ್ಲಿ?

ಮಾನ್ಯ ಸಂಪಾದಕರೇ,

ಬೇಲೂರಿನ ಜಕಣಾಚಾರಿ ಕತೆಯನ್ನು ಪ್ರಶ್ನಿಸಿದರೆ ದೇವರನ್ನೇ ಪ್ರಶ್ನಿಸಿದ ಹಾಗೆ ಎಂದು ಕಳೆದ ವಾರ ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಒಂದು ಕಾಲಕ್ಕೆ ನಾನೂ ಹಾಗೇ ಸಿಟ್ಟಾಗಿದ್ದೆ, ಅದೂ ಆರನೇ ಕ್ಲಾಸಿನ ಹುಡುಗನ ಮೇಲೆ.

ಆಗ ನಾನು ಹಾಸನದ ಹತ್ತಿರದ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಮಕ್ಕಳನ್ನು ಬೇಲೂರಿಗೆ ಟೂರು ಕರೆದುಕೊಂಡು ಹೋಗಿದ್ದೆವು. ಕಪ್ಪೆ ಚೆನ್ನಿಗರಾಯನ ಮುಂದೆ ಗೈಡು ಕತೆ ಹೇಳುತ್ತಿದ್ದರು. ಜಕಣಾಚಾರಿ ಕೆತ್ತಿದ ವಿಗ್ರಹದ ಹತ್ತಿರ ಅವನ ಮಗ ಡಂಕಣ ಬಂದು ಈ ಕಲ್ಲಿನಲ್ಲಿ ದೋಷ ಇದೆ ಅಂದದ್ದು, ವಿಗ್ರಹಕ್ಕೆಲ್ಲ ಗಂಧ ಬಳಿದದ್ದು, ಅದು ಎಲ್ಲ ಕಡೆ ಒಣಗಿ ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗಿಯೇ ಉಳಿದದ್ದು, ಅಲ್ಲಿ ಉಳಿ ಇಟ್ಟರೆ ಒಳಗಿಂದ ಜೀವಂತ ಕಪ್ಪೆ ಹಾರಿದ್ದು, ದೋಷ ಇದ್ದರೆ ಕೈ ಕಡಿದುಕೊಳ್ಳುತ್ತೇನೆ ಅಂದಿದ್ದ ಅಪ್ಪ ಮಾತಿಗೆ ತಪ್ಪದೆ ತನ್ನ ಬಲಗೈ ಕಡಿದುಕೊಂಡದ್ದು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಒಬ್ಬ, "ಮಿಸ್, ಕಪ್ಪೆ ಒಳಗಡೆ ಏನ್ ತಿಂತಿತ್ತು?" ಅಂದ. "ದೇವಸ್ಥಾನದಲ್ಲಿ ಅಧಿಕಪ್ರಸಂಗ ಮಾಡಬೇಡ" ಎಂದು ಗದರಿಬಿಟ್ಟೆ. ಪ್ರಾಣಿಗಳಿಗೆ ಗಾಳಿ, ನೀರು, ಆಹಾರ ಬೇಕು ಎಂದು ಹಿಂದಿನ ವಾರವಷ್ಟೇ ಅವನಿಗೆ ಪಾಠ ಮಾಡಿದ್ದವಳೂ ನಾನೇ!

ಹುಡುಗನದು ತಲೆಹರಟೆ ಪ್ರಶ್ನೆ ಆಗಿರಲಿಲ್ಲ. ಕಲ್ಲೊಳಗಿನ ಕಪ್ಪೆಯ ಕತೆ ಇಂಗ್ಲೆಂಡಿನಲ್ಲೂ ಇತ್ತು. ಆಕ್ಸ್‌ಫರ್ಡಿನಲ್ಲಿ ಭೂವಿಜ್ಞಾನ ಹೇಳುತ್ತಿದ್ದ ವಿಲಿಯಂ ಬಕ್‌ಲ್ಯಾಂಡ್ ಎಂಬವರು 1825ರಲ್ಲಿ ಇದನ್ನು ಪರೀಕ್ಷೆ ಮಾಡಿಯೇ ಬಿಟ್ಟರು. ಸುಣ್ಣಕಲ್ಲಿನಲ್ಲೂ ಮರಳುಗಲ್ಲಿನಲ್ಲೂ ಗುಳಿ ಕೊರೆಸಿ, 24 ನೆಲಗಪ್ಪೆಗಳನ್ನು ಒಳಗಿಟ್ಟು, ಗಾಜು ಮುಚ್ಚಿ, ತೋಟದಲ್ಲಿ ಮೂರು ಅಡಿ ಆಳಕ್ಕೆ ಹೂಳಿದರು. ವರ್ಷದ ನಂತರ ತೆಗೆದು ನೋಡಿದರೆ ಗಟ್ಟಿ ಮರಳುಗಲ್ಲಿನವು ಎಲ್ಲವೂ ಸತ್ತಿದ್ದವು. ಗಾಳಿಯಾಡುವ ಸುಣ್ಣಕಲ್ಲಿನಲ್ಲಿ ಕೆಲವು ಬದುಕಿದ್ದವು. ಅವನ್ನೂ ಮತ್ತೆ ಹೂಳಿದರು, ಎರಡನೇ ವರ್ಷ ಮುಗಿಯುವುದರೊಳಗೆ ಅವೂ ಸತ್ತವು. ಪಾಪದ ಕಪ್ಪೆಗಳು, ಅದು ಬೇರೆ ಮಾತು. ಅಂದಹಾಗೆ ಬಕ್‌ಲ್ಯಾಂಡ್ ಪಾದ್ರಿಯೂ ಆಗಿದ್ದರು. ಕಪ್ಪೆ ಸತ್ತಿತೆಂದು ಅವರೇನೂ ಚರ್ಚು ಬಿಡಲಿಲ್ಲ.

ನಮ್ಮ ಬೇಲೂರಿನದು ಬಳಪದ ಕಲ್ಲು. ನೆಲದ ಆಳದಲ್ಲಿ ಕಾವಿಗೆ, ಒತ್ತಡಕ್ಕೆ ಸಿಕ್ಕಿ ಆದದ್ದು. ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ. ಭೂಮಿಯ ಮೇಲೆ ಕಪ್ಪೆ ಅಂತ ಬಂದದ್ದೇ ಸುಮಾರು 20 ಕೋಟಿ ವರ್ಷದ ಈಚೆಗೆ. ಅದು ಒಳಗೆ ಹೋದದ್ದು ಯಾವಾಗ?

ಕಪ್ಪೆಗಿಂತ ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ವಿಷಯ. ಹಳೇ ಗುಡಿ ಯಾವುದು ಕಂಡರೂ "ಜಕಣಾಚಾರಿ ಕಟ್ಟಿದ್ದು" ಅಂದುಬಿಡುವುದು ನಮ್ಮ ಕಡೆ ರೂಢಿ. ಬೇಲೂರಿನ ಗುಡಿ 1117ರದು, ನುಗ್ಗೇಹಳ್ಳಿಯದು 1246ರದು. ನಡುವೆ 129 ವರ್ಷ, ಎರಡನ್ನೂ ಒಬ್ಬನೇ ಕಟ್ಟಲು ಆಗುತ್ತದಾ? ಬೇಲೂರಿನ ಶಾಸನಗಳಲ್ಲಿ ಜಕಣಾಚಾರಿಯ ಹೆಸರೇ ಇಲ್ಲ. ಹಾಗಂತ ಕೆತ್ತಿದವರು ತಮ್ಮ ಹೆಸರು ಹೇಳದೆ ಹೋದರಾ? ಇಲ್ಲ. ತಾವು ಮಾಡಿದ ಮೂರ್ತಿಗಳ ಪೀಠದ ಮೇಲೆ ಕನ್ನಡದಲ್ಲೇ ಕೊರೆದಿಟ್ಟಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮಲ್ಲಿಯಣ್ಣ, ನಾಗೋಜ. ನುಗ್ಗೇಹಳ್ಳಿಯಲ್ಲಿ ಒಂದು ಪಕ್ಕದ ಗೋಡೆ ಬೈಚೋಜನದು, ಇನ್ನೊಂದು ಪಕ್ಕದ್ದು ಮಲ್ಲಿತಮ್ಮನದು. ಅಪ್ಪ ಮಗ ಇಬ್ಬರೂ ಶಿಲ್ಪಿಗಳು ಬೇಕು ಅಂದರೆ ದಾಸೋಜ ಚಾವಣರೇ ಇದ್ದಾರಲ್ಲ! ಯಾರ ಕೈಯನ್ನೂ ಕಡಿಯದೆ ಇಬ್ಬರೂ ಸೇರಿ ಬೇಲೂರಿನ ಮದನಿಕೆಯರನ್ನು, ಅಂದರೆ ಆ ಸುಂದರಿಯರ ಮೂರ್ತಿಗಳನ್ನು, ಮಾಡಿದವರು.

ರಾಣಿ ಶಾಂತಲೆಯ ಪಾಡೂ ಅಷ್ಟೇ. ಆ ಚೆನ್ನಿಗರಾಯನ ಗುಡಿ ಕಟ್ಟಿಸಿದ್ದು ಅವಳು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಕಪ್ಪೆ.

ರಿಟೈರಾದ ಮೇಲೆ ಒಂದು ದಿನ ಒಬ್ಬಳೇ ಬೇಲೂರಿಗೆ ಹೋದೆ. ಮದನಿಕೆಯರು ಇರುವುದು ಸೂರಿನ ಕೆಳಗೆ, ಮೇಲಕ್ಕೆ. ಕತ್ತು ನೋಯುತ್ತದೆ. ಮೊಬೈಲಿನಲ್ಲಿ ಜೂಮ್ ಮಾಡಿ ನೋಡಿದೆ. ಕಾಲಡಿಯಲ್ಲಿ ಗುಂಡುಗುಂಡಗೆ ಹಳೆಯ ಅಕ್ಷರ. ಪೂರ್ತಿ ಓದಲು ನನಗೆ ಬರಲಿಲ್ಲ, ಆದರೂ ಸುಮ್ನೆ ನೋಡುತ್ತಾ ನಿಂತೆ. ಇಷ್ಟು ವರ್ಷ ಎಷ್ಟು ಮಕ್ಕಳನ್ನು ಇದರ ಕೆಳಗೇ ನಡೆಸಿಕೊಂಡು ಹೋಗಿದ್ದೆ! ಒಮ್ಮೆಯೂ ತಲೆ ಎತ್ತಿ ನೋಡಿ ಅಂದವಳಲ್ಲ.

ಅವತ್ತೂ ಒಳಗೆ ಹೋಗಿ ತೀರ್ಥ ತೆಗೆದುಕೊಂಡೇ ಬಂದೆ. ನಮ್ಮಮ್ಮ ಹರಕೆ ಹೊತ್ತ ದೇವರು, ನನಗೂ ದೇವರೇ. ಓದುಗ ಮಹಾಶಯರ ಭಯ ಇಲ್ಲೇ ನನಗೆ ಅರ್ಥವಾಗದ್ದು. ಕೇಶವನಿಗೆ ಕಪ್ಪೆಯ ಸಾಕ್ಷಿ ಬೇಕಾ? ಕತೆಯನ್ನು ಕತೆ ಅಂತಲೇ ಹೇಳಲಿ, ಯಾರೂ ಬೇಡ ಅನ್ನುವುದಿಲ್ಲ. ಜನವರಿ 1ರಂದು ಜಕಣಾಚಾರಿ ಸಂಸ್ಮರಣೆಯನ್ನು ಸರ್ಕಾರವೇ ಮಾಡುತ್ತದೆ, ಮಾಡಲಿ. ದಾಸೋಜನಿಗೆ ಒಂದು ದಿನ ಬೇಡ. ಅವನ ಅಕ್ಷರ ಎಲ್ಲಿದೆ ಎಂದು ತೋರಿಸುವ, ಅದನ್ನು ಇವತ್ತಿನ ಕನ್ನಡದಲ್ಲಿ ಓದಿಸುವ ಒಂದು ಬೋರ್ಡು ಪ್ರತಿ ಮದನಿಕೆಯ ಕೆಳಗೂ ಇದ್ದರೆ ಸಾಕು. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಜಾಗಕ್ಕೆ ಇದೇನು ದೊಡ್ಡ ಖರ್ಚಲ್ಲ.

ಬೋರ್ಡು ಬರುವ ತನಕ, ಹೋದವರು ಗೈಡನ್ನೇ ಕೇಳಿ ತೋರಿಸಿಕೊಳ್ಳಿ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು. ಮಧ್ಯಾಹ್ನ ಅಂಗಳದ ಕಲ್ಲು ಕಾದು, ಕತ್ತೆತ್ತಿ ನಿಂತರೆ ಅಂಗಾಲು ಸುಡುತ್ತದೆ.

– ನಿವೃತ್ತ ಶಿಕ್ಷಕಿ, ಹಾಸನ